ಕುಂಕುಮ ಹಚ್ಚಿದ ಆಸ್ತಿ ಪಟ್ಟಿ

ಆಯುಧಪೂಜೆಯ ದಿನ ಊರಿನವರೆಲ್ಲ ಲಾರಿಗೆ, ಟ್ರ್ಯಾಕ್ಟರಿಗೆ, ಹೊಲಿಗೆ ಮಿಷನ್ನಿಗೆ ಕುಂಕುಮ ಇಟ್ಟರೆ ನಮ್ಮ ಆಫೀಸಿನಲ್ಲಿ ಎಕ್ಸೆಲ್ ಶೀಟಿಗೆ ಇಡುತ್ತಿದ್ದೆವು. ನಗಬೇಡಿ. ಆ ಕುಂಕುಮ ಇಲ್ಲದೇ ಹೋಗಿದ್ದರೆ ಶಿರಾದಲ್ಲಿ ಒಬ್ಬ ಹೆಂಗಸಿನ ಅಂಗಡಿ ನನ್ನ ಕೈಯಾರೆ ಹೋಗುತ್ತಿತ್ತು.

ನಾನು ಮಧುಗಿರಿಯ ಒಂದು ಧರ್ಮಸಂಸ್ಥೆಯಲ್ಲಿ ಗುಮಾಸ್ತನಾಗಿದ್ದೆ. ಇಡೀ ಸರ್ವಿಸು ಅಲ್ಲೇ ಕಳೆಯಿತು. ಸಂಸ್ಥೆ ದೊಡ್ಡದೇನಲ್ಲ, ಆದರೆ ಆಸ್ತಿ ಮಾತ್ರ ಚೆಲ್ಲಾಪಿಲ್ಲಿ. ಮಧುಗಿರಿಯಲ್ಲಿ ಒಂದು ಸಾಲು ಮಳಿಗೆ, ಶಿರಾದಲ್ಲಿ ಇನ್ನೊಂದು ಸಾಲು, ಕೊರಟಗೆರೆಯಲ್ಲಿ ಒಂದು ಛತ್ರ, ಪಾವಗಡದಲ್ಲಿ ಒಂದು ಗೋದಾಮು, ತಾವರೆಕೆರೆ ಕಡೆ ಒಂದಿಷ್ಟು ಹೊಲ. ಬಾಡಿಗೆ ವಸೂಲಿ ಬೇರೆಯವರ ತಲೆನೋವು. ಯಾವ ಆಸ್ತಿ ಎಲ್ಲಿದೆ, ಅದರಲ್ಲಿ ಯಾರಿದ್ದಾರೆ, ಯಾವ ಮಾತಿನ ಮೇಲೆ ಇದ್ದಾರೆ ಎನ್ನುವುದು ನನ್ನ ತಲೆನೋವು.

ಸಂಸ್ಥೆ ಕಟ್ಟಿದ ಹಿರಿಯ ಧರ್ಮದರ್ಶಿಯನ್ನು ನಾವೆಲ್ಲ ಯಜಮಾನ್ರು ಎನ್ನುತ್ತಿದ್ದೆವು. ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಸದಾ ಲವಂಗ. ಕೂಗಾಡಿದರೆ ರಸ್ತೆಯ ಆಚೆಯ ಹೋಟೆಲಿನವನು ಎದ್ದು ನಿಲ್ಲುತ್ತಿದ್ದ. ಅವರ ಕಾಲದಲ್ಲಿ ಆಸ್ತಿಯೆಲ್ಲ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಇರುತ್ತಿತ್ತು. ಕೆಂಪು ಬಟ್ಟೆಯ ಬೆನ್ನು, ತೆರೆದರೆ ಗೋಂದು ಮತ್ತು ನುಸಿಗುಳಿಗೆಯ ವಾಸನೆ. ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಇಪ್ಪತ್ತೈದು ವರ್ಷ ವಯಸ್ಸಾಗಿಬಿಡುತ್ತದೆ.

ಆಮೇಲೆ ಆಫೀಸಿಗೆ ಕಂಪ್ಯೂಟರ್ ಬಂತು. ನನಗೋ ಹೊಸ ಹುರುಪು. ಕಾಲೇಜು ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತು ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋದೆ. ಅವರು ಕಿಸಕ್ಕೆಂದು ನಗುತ್ತಿದ್ದರು, ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಒಂದು ಬೇಸಿಗೆ ಪೂರ್ತಿ ಕೂತು ರಿಜಿಸ್ಟರನ್ನೆಲ್ಲ ಎಕ್ಸೆಲ್ ಶೀಟಿಗೆ ಇಳಿಸಿದೆ. ಕೋರ್ಟಿನಲ್ಲಿರುವ ಆಸ್ತಿಗೆ ಕೆಂಪು, ಕರಾರು ಇರುವುದಕ್ಕೆ ಹಸಿರು, ಬರೀ ಬಾಯಿಮಾತಿನ ಮೇಲೆ ನಡೆಯುವುದಕ್ಕೆ ಹಳದಿ. ಕಟ್ಟಕಡೆಯ ಕಾಲಂ ಷರಾ. ಅದೇ ನನ್ನ ಪ್ರಾಣ. ಯಾವ ಕರಾರಿನಲ್ಲೂ ಬರೆಯಲಾಗದ್ದೆಲ್ಲ ಅಲ್ಲಿತ್ತು. 'ಈತ ಮುಂಗೋಪಿ, ಬೋಣಿಗೆ ಮುಂಚೆ ಹೋಗಬಾರದು.' 'ಹಿಂದಿನ ಗೋಡೆ ಪಕ್ಕದವರದ್ದು, ಮೊಳೆ ಹೊಡೆಯಬಾರದು.' 'ಇವರ ಅತ್ತೆಯನ್ನು ಕೇಳಿದರೆ ಬೇಗ ಕೆಲಸ ಆಗುತ್ತದೆ.' ನಾನು ರಜಾ ಹಾಕಿದರೆ ಆಫೀಸೇ ಕಣ್ಣು ಕಾಣದೆ ಕೂರುತ್ತಿತ್ತು. ಅದು ನನಗೆ ಬಹಳ ಸುಖ ಕೊಡುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ಸುಖದಲ್ಲೇ ಒಂದು ಅಪರಾಧ ಮಾಡಿದೆ. ಎಲ್ಲ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಹಳೆಯ ರಿಜಿಸ್ಟರನ್ನು ರದ್ದಿಯವನ ತಕ್ಕಡಿಗೆ ಹಾಕಿಬಿಟ್ಟೆ. ಆ ವರ್ಷ ಆಯುಧಪೂಜೆಗೆ ಯಜಮಾನ್ರು ಬಂದು ಬೀರುವಿನ ಬಾಗಿಲು ತೆಗೆದು ನೋಡಿದರು.

"ಪುಸ್ತಕ ಎಲ್ಲಲಾ?"

"ಎಲ್ಲ ಇದರೊಳಗೈತೆ ಯಜಮಾನ್ರೆ," ಎಂದು ಕಂಪ್ಯೂಟರ್ ತೋರಿಸಿದೆ.

"ಇದರೊಳಗಿದ್ರೆ ನಾನು ಕುಂಕುಮ ಯಾವ್ದುಕ್ಕೆ ಇಡ್ಲಿ, ನಿನ್ ಹಣೆಗಾ? ತೆಗಿ, ಕಾಗದದಾಗೆ ತೆಗಿ!"

ಪ್ರಿಂಟ್ ತೆಗೆದೆ. ಅವರು ಮೊದಲ ಹಾಳೆಗೆ ಅರಿಶಿನ ಕುಂಕುಮ ಹಚ್ಚಿದರು, ಪ್ರತಿ ಹಾಳೆಯ ಕೆಳಗೂ ರುಜು ಹಾಕಿದರು. ಹೂವಿಟ್ಟು, ಊದುಬತ್ತಿ ಬೆಳಗಿ, ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಪಟದ ಕೆಳಗಿನ ಬೀರುವಿನಲ್ಲಿ ಇಟ್ಟರು. ಅಂದಿನಿಂದ ಅದೇ ಪದ್ಧತಿಯಾಯಿತು. ಪ್ರತಿ ಆಯುಧಪೂಜೆಗೆ ಒಂದು ಪ್ರಿಂಟು, ಒಂದು ಪೂಜೆ, ಒಂದು ಗಂಟು. ಕಂಪ್ಯೂಟರ್ ಕಾಲದಲ್ಲಿ ಇದೇನು ಹುಚ್ಚು ಎಂದು ನಾನು ಒಳಗೊಳಗೇ ಮೂಗು ಮುರಿಯುತ್ತಿದ್ದೆ. ಎದುರಿಗೆ ಹೇಳುವ ಧೈರ್ಯ ಯಾರಿಗಿತ್ತು?

ಈಗ ಮೊದಲಿಗೆ ಹೇಳಿದ ಶಿರಾದ ಅಮ್ಮನ ಮಾತು. ಅಲ್ಲಿನ ಸಾಲಿನ ಮೂಲೆ ಮಳಿಗೆಯಲ್ಲಿ ಆಕೆ ಕೂರುತ್ತಾರೆ. ಹರಿದ ಸ್ಕೂಲ್ ಬ್ಯಾಗು, ಕೆಟ್ಟ ಜಿಪ್ಪು, ಕಡ್ಡಿ ಮುರಿದ ಛತ್ರಿ, ಎಲ್ಲ ರಿಪೇರಿ. ಆ ಮಳಿಗೆಗಳನ್ನು ಕಟ್ಟಿದ ಗಾರೆ ಕೆಲಸದವರಲ್ಲಿ ಆಕೆಯ ಗಂಡನೂ ಒಬ್ಬ. ಮೋಲ್ಡ್ ಹಾಕುವ ದಿನ ಸಾರವೆಯ ಮೇಲಿಂದ ಬಿದ್ದು ತೀರಿಕೊಂಡ. ಕಟ್ಟಡ ಮುಗಿದ ಮೇಲೆ ಯಜಮಾನ್ರು ನನ್ನನ್ನು ಕರೆದುಕೊಂಡು ಶಿರಾಕ್ಕೆ ಹೋದರು. ಮೂಲೆ ಮಳಿಗೆಯ ಬೀಗದ ಕೈಯನ್ನು ತಾವೇ ಆಕೆಯ ಕೈಗೆ ಕೊಟ್ಟು, "ನೀನು ಇರೋವರ್ಗೂ ಇದು ನಿಂದು ಕಣಮ್ಮ. ಯಾರಾನ ಬಂದು ಏಳು ಅಂದ್ರೆ ನನ್ ಹೆಸ್ರು ಹೇಳು," ಎಂದರು. ಹೊರಗೆ ಬಂದು ನನಗೆ, "ಬರ್ಕಳಲಾ," ಎಂದರು. ಬರೆದುಕೊಂಡೆ: 'ಆಕೆ ಇರುವ ತನಕ ಕದಲಿಸಬಾರದು.' ಕರಾರು ಗಿರಾರು ಏನೂ ಆಗಲಿಲ್ಲ. ಯಜಮಾನ್ರ ಮಾತಿಗಿಂತ ದೊಡ್ಡ ಕರಾರು ಆಗ ಇರಲಿಲ್ಲ.

ಯಜಮಾನ್ರು ಹೋದರು. ಅವರ ಜೊತೆಗೆ ಪ್ರಿಂಟ್ ತೆಗೆಯುವ ಪದ್ಧತಿಯೂ ಹೋಯಿತು. ಮುಂದಿನ ವರ್ಷ ನಾನು ಕಂಪ್ಯೂಟರಿಗೇ ಒಂದು ಬೊಟ್ಟಿಟ್ಟು ಕೈಮುಗಿದೆ.

ಅದೇ ವರ್ಷ ಆಡಿಟರು ಪಟ್ಟಿಯನ್ನು ತಾಲ್ಲೂಕುವಾರು ಜೋಡಿಸಿ ಕೊಡಿ ಎಂದರು. ಎಲ್ಲ ಕಾಲಮ್ಮುಗಳನ್ನೂ ಆಯ್ದುಕೊಂಡು ಒಂದು ಗುಂಡಿ ಒತ್ತಿದರೆ ಮುಗಿಯಿತು. ನಾನು ಕಟ್ಟಕಡೆಯ ಷರಾ ಕಾಲಮ್ಮೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಆಯ್ದು ಒತ್ತಿದೆ. ಆಸ್ತಿಗಳೆಲ್ಲ ಎದ್ದು ತಮ್ಮ ತಮ್ಮ ತಾಲ್ಲೂಕಿಗೆ ಹೋಗಿ ಕೂತವು. ಷರಾಗಳು ಮಾತ್ರ ಕೂತಲ್ಲೇ ಕೂತಿದ್ದವು. ಕೊರಟಗೆರೆಯ ಛತ್ರದ ಮುಂದೆ ಮುಂಗೋಪಿ ಬಂದಿದ್ದ, ತಾವರೆಕೆರೆಯ ಹೊಲದಲ್ಲಿ ಮೊಳೆ ಹೊಡೆಯಬಾರದಾಗಿತ್ತು. ನಾನು ನೋಡುವ ಹೊತ್ತಿಗೆ ಫೈಲು ಸೇವ್ ಆಗಿ, ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿತ್ತು. ಬಾಗಿಲು ಹಾಕಿಕೊಂಡು, ನೆನಪಿನ ಮೇಲೆ ಒಂದೊಂದೇ ಷರಾವನ್ನು ಅದರದರ ಸಾಲಿಗೆ ಕೂರಿಸಿದೆ. ಊಟದ ಹೊತ್ತಿಗೆ ಮುಗಿಯಿತು. ನನ್ನ ನೆನಪಿನ ಶಕ್ತಿಗೆ ನಾನೇ ಶಭಾಷ್ ಹೇಳಿಕೊಂಡು ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ. ಯಾರಿಗೂ ಒಂದು ಮಾತು ಹೇಳಲಿಲ್ಲ.

ವರ್ಷಗಳು ಕಳೆದವು. ಹೊಸ ಅಧ್ಯಕ್ಷರು ಬಂದರು. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ನೇರ ಮನುಷ್ಯ. ನನ್ನ ಫೈಲುಗಳ ಹೆಸರು ನೋಡಿಯೇ ಅವರ ತಲೆ ಕೆಟ್ಟಿತು. 'ಆಸ್ತಿ ಪಟ್ಟಿ ಹೊಸದು', 'ಆಸ್ತಿ ಪಟ್ಟಿ ಹೊಸದು ಸರಿಯಾದದ್ದು', 'ಇದನ್ನೇ ನೋಡುವುದು'.

"ನೀವು ನಾಳೆ ಹೋಗ್ಬುಟ್ರೆ ನಾವು ಯಾವ್ದುನ್ನ ನೋಡ್ಬೇಕು ಸ್ವಾಮಿ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಕೇಳಿದ್ದು ಸರಿಯಾಗಿತ್ತು, ಅದಕ್ಕೇ ಉರಿಯಿತು.

ಹೊಸ ತಂತ್ರಾಂಶ ಹಾಕಲು ಕೊರಟಗೆರೆಯ ಒಬ್ಬ ಹುಡುಗಿ ಬಂದಳು. ನನ್ನ ಮಗಳಿಗಿಂತ ಚಿಕ್ಕವಳು. ಒಂದೊಂದು ಆಸ್ತಿಗೂ ಒಂದೊಂದು ಪುಟ, ಫೋಟೊ, ನಕ್ಷೆ, ಕಾಗದಪತ್ರ ಎಲ್ಲ ಒಂದೇ ಕಡೆ. ಯಾರು ಏನು ತಿದ್ದಿದರೂ ಅವರ ಹೆಸರು, ದಿನ, ಕಾರಣ ದಾಖಲಾಗುತ್ತದೆ, ಅಳಿಸಲು ಆಗುವುದಿಲ್ಲ. "ಪೊಲೀಸ್ ಸ್ಟೇಷನ್ ತಂದಿಟ್ಟಂಗೈತಲ್ಲಮ್ಮ," ಎಂದೆ. ಅವಳು ನಕ್ಕಳು. ಆ ನಗುವಿನಿಂದಾಗಿ ಅವಳ ಮೇಲೆ ಪೂರ್ತಿ ಕೋಪ ಮಾಡಿಕೊಳ್ಳಲು ಆಗಲಿಲ್ಲ.

ಆಸ್ತಿಗಳನ್ನು ಕಣ್ಣಾರೆ ನೋಡಬೇಕೆಂದು ಇಬ್ಬರೂ ಬಸ್ಸಿನಲ್ಲಿ ಹೊರಟೆವು. ಪಾವಗಡದ ಗೋದಾಮಿಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು. ಪಕ್ಕದ ಮನೆಯಾತ ಕೈಯಲ್ಲಿ ಬೀಗದ ಕೈ ಹಿಡಿದೇ ಬಂದ.

"ಎವರೂ ಲೇರು ಸಾರ್, ಒಳಗೆ ಯಾರೂ ಇಲ್ಲ," ಎಂದ.

ಹುಡುಗಿ ಲ್ಯಾಪ್‌ಟಾಪಿನಲ್ಲಿ ನನ್ನ ಶೀಟು ನೋಡುತ್ತಾ ಹುಬ್ಬು ಗಂಟಿಕ್ಕಿದಳು. "ಸಾರ್, ಈ ಗೋದಾಮಿನ ಷರಾದಲ್ಲಿ 'ಆಕೆ ಇರುವ ತನಕ ಕದಲಿಸಬಾರದು' ಅಂತಿದೆ. ಯಾರು ಸಾರ್ ಆಕೆ?"

ಬಾಗಿಲು ತೆಗೆದರೆ ಒಳಗೆ ಗೋಣಿಚೀಲದ ಮೇಲೆ ಒಂದು ಬೆಕ್ಕು ಮರಿ ಹಾಕಿಕೊಂಡು ಮಲಗಿತ್ತು. ನಮ್ಮನ್ನು ನೋಡಿ ಬುಸ್ಸೆಂದಿತು.

"ಇವಳೇನಾ ಸಾರ್?"

ಪಕ್ಕದ ಮನೆಯಾತ ಬಿದ್ದು ಬಿದ್ದು ನಕ್ಕ. ನನಗೆ ರೇಗಿತು. "ನಿನ್ ಕಂಪ್ಯೂಟರ್ ಸರಿಗಿಲ್ಲ ಕಣಮ್ಮ, ಮುಂದುಕ್ಕೆ ನಡಿ," ಎಂದೆ. ಆ ಕ್ಷಣಕ್ಕೆ ನಿಂತು ಯೋಚಿಸಬೇಕಿತ್ತು. ಮೂರು ಜನ ನಗುತ್ತಿರುವಾಗ, ಬೆಕ್ಕನ್ನೂ ಸೇರಿಸಿ, ಯೋಚನೆ ಎಲ್ಲಿ ಬರುತ್ತದೆ!

ಶಿರಾದಲ್ಲಿ ಹುಡುಗಿ ಮೂಲೆ ಮಳಿಗೆಯ ಫೋಟೊ ತೆಗೆದಳು. ಅಮ್ಮ ಸೆರಗು ಸರಿಮಾಡಿಕೊಂಡು ಕೂತರು. ಕರಾರು ಇಲ್ಲ ಎಂದು ಹುಡುಗಿ ಬರೆದುಕೊಂಡಳು. "ಇದರ ವಿಚಾರ ಶೀಟಿನಾಗೈತೆ ಬುಡು," ಎಂದೆ. ಬಸ್ಸಿಗೆ ಹೊತ್ತಾಗಿತ್ತು, ನಾವು ಅದನ್ನು ತೆರೆದು ನೋಡಲಿಲ್ಲ.

ಹದಿನೈದು ದಿನಕ್ಕೆ ಸಮಿತಿ ತೀರ್ಮಾನ ಮಾಡಿತು. ಬರವಣಿಗೆಯಲ್ಲಿ ಆಧಾರ ಇಲ್ಲದವರೆಲ್ಲ ಮಳಿಗೆ ಬಿಡಬೇಕು, ಅವುಗಳನ್ನು ಹರಾಜು ಹಾಕಬೇಕು. ಯಾರದಾದರೂ ಆಕ್ಷೇಪ ಇದ್ದರೆ ಮುಂದಿನ ಸಭೆಯಲ್ಲಿ ಹೇಳಬಹುದು. ನೋಟೀಸುಗಳು ಹೊಸ ತಂತ್ರಾಂಶದಿಂದಲೇ ಹೋದವು. ನನ್ನ ಕೈಗೆ ಬರಲೇ ಇಲ್ಲ.

ನಾಲ್ಕು ದಿನದ ಮೇಲೆ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಶಿರಾದ ಅಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತು ದಾಟಿದ ಜೀವ. ಏದುಸಿರು ಬಿಡುತ್ತಾ ಮಡಿಚಿದ ಕಾಗದವನ್ನು ನನ್ನ ಮೇಜಿನ ಮೇಲೆ ಇಟ್ಟರು.

"ರೈಟ್ರೇ, ಇದರಲ್ಲಿ ಏನು ಬರ್ದೈತೆ ಸ್ವಲ್ಪ ಓದಿ. ಪಕ್ಕದ ಅಂಗ್ಡಿಯವ್ರು ಓದಿದ್ರು. ನನಗೆ ನಂಬಿಕೆ ಬರ್ಲಿಲ್ಲ."

ಓದಿದೆ. ನನ್ನ ಬಾಯಿಂದಲೇ ಓದಬೇಕಾಯಿತು, ಮೂವತ್ತು ದಿನದೊಳಗೆ ಬಿಡತಕ್ಕದ್ದು ಎಂದು.

"ದೊಡ್ಡವ್ರು ಕೈಗೆ ಚಾವಿ ಕೊಡುವಾಗ ನೀವೂ ಇದ್ರಿ ಅಲ್ವಾ? ಬರ್ಕೊಂಡ್ರಿ ಅಲ್ವಾ?"

"ಬರ್ಕಂಡಿದೀನಿ ಅಮ್ಮ. ಕೂತ್ಕಳಿ, ಈಗ ತೋರಿಸ್ತೀನಿ," ಎಂದು ಗತ್ತಿನಿಂದ ಶೀಟು ತೆರೆದೆ. ಶಿರಾ, ಮೂಲೆ ಮಳಿಗೆ. ಷರಾ: 'ಬೀಗದ ಕೈ ಪಕ್ಕದ ಮನೆಯವರ ಹತ್ತಿರ.'

ಪಾವಗಡದ ಬೆಕ್ಕು ಕಣ್ಣ ಮುಂದೆ ಬಂತು. ಅಂದು ಮಸಾಲೆ ದೋಸೆ ತಿನ್ನುವ ಅವಸರದಲ್ಲಿ ನಾನು ಈ ಎರಡು ಷರಾಗಳನ್ನು ಅದಲು ಬದಲು ಕೂರಿಸಿದ್ದೆ. ಇಷ್ಟು ವರ್ಷ ಯಜಮಾನ್ರ ಮಾತು ಒಂದು ಖಾಲಿ ಗೋದಾಮನ್ನು ಕಾಯುತ್ತಾ ಕೂತಿತ್ತು. ಈ ಅಮ್ಮ ಯಾವ ಮಾತಿನ ಕಾವಲೂ ಇಲ್ಲದೆ ಕೂತಿದ್ದರು. ಆಕೆ ನನ್ನ ಮುಖ ನೋಡುತ್ತಿದ್ದರು. "ಏನೂ ಆಗಲ್ಲ, ನಾನಿದೀನಿ," ಎಂದು ಹೇಳಿ ಬಸ್ ಸ್ಟ್ಯಾಂಡಿನವರೆಗೂ ಬಿಟ್ಟು ಬಂದೆ. ನಾನಿದ್ದದ್ದರಿಂದಲೇ ಇಷ್ಟೆಲ್ಲ ಆಗಿತ್ತು.

ಸುಲಭದ ದಾರಿ ಒಂದಿತ್ತು. ಹುಡುಗಿಯ ಹತ್ತಿರ ಹೋಗಿ ಮೆಲ್ಲಗೆ, "ಅವೆರಡನ್ನ ಅದಲು ಬದಲು ಮಾಡ್ಬುಡಮ್ಮ, ಯಾರಿಗೂ ಗೊತ್ತಾಗದು ಬ್ಯಾಡ," ಎಂದೆ.

ಅವಳು ನನ್ನನ್ನೇ ನೋಡಿದಳು. "ಬದಲಾಯಿಸ್ತೀನಿ ಸಾರ್. ಆದ್ರೆ ನೋಟೀಸ್ ಹೋದ ಮೇಲೆ ತಿದ್ದಿದ್ದು ಅಂತ ಅದೇ ತೋರಿಸುತ್ತೆ. ಯಾಕೆ ಅಂತಾನೂ ಕೇಳುತ್ತೆ. ಏನಂತ ಬರೀಲಿ?"

ಏನಂತ ಬರೆಯುವುದು? ನನ್ನ ಹಳೆಯ ಶೀಟು ಯಾವತ್ತೂ ಯಾಕೆ ಎಂದು ಕೇಳಿರಲಿಲ್ಲ. ಎಷ್ಟು ಒಳ್ಳೆಯ ಗೆಳೆಯ, ಎಷ್ಟು ಕೆಟ್ಟ ಸಾಕ್ಷಿ! ಈಗ ತಿದ್ದಿದರೆ ಗುಮಾಸ್ತನೇ ಅಮ್ಮನ ಪರವಾಗಿ ಸುಳ್ಳು ಸೃಷ್ಟಿಸಿದ ಎಂದಾಗುತ್ತಿತ್ತು. ಆಗ ಆಕೆಯ ಅಂಗಡಿಯೂ ಹೋಗುತ್ತಿತ್ತು, ಆಕೆಯ ಮರ್ಯಾದೆಯೂ ಹೋಗುತ್ತಿತ್ತು. ರಿಜಿಸ್ಟರ್ ಇದ್ದಿದ್ದರೆ ತೋರಿಸಬಹುದಿತ್ತು. ಅದನ್ನು ತೂಕಕ್ಕೆ ಹಾಕಿದವನೂ ನಾನೇ.

ನನ್ನ ಮೇಜಿಗೆ ವಾಪಸು ಬಂದು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಎದುರಿಗೆ ದೇವರ ಪಟ. ಅದರ ಕೆಳಗೆ ಬೀರು. ಬೀರುವಿನಲ್ಲಿ ಕೆಂಪು ಬಟ್ಟೆಯ ಗಂಟು!

ಎದ್ದು ಹೋಗಿ ಬಿಚ್ಚಿದೆ. ಒಣಗಿದ ಚೆಂಡುಹೂವಿನ ಪುಡಿ ಮಡಿಲಿಗೆ ಉದುರಿತು. ಊದುಬತ್ತಿಯ ಘಮ ಇನ್ನೂ ಇತ್ತು. ಒಂದು ವರ್ಷದ್ದಲ್ಲ, ಯಜಮಾನ್ರು ಇದ್ದಷ್ಟೂ ವರ್ಷಗಳ ಪಟ್ಟಿ ಅಲ್ಲಿತ್ತು. ಶಿರಾ, ಮೂಲೆ ಮಳಿಗೆ, 'ಆಕೆ ಇರುವ ತನಕ ಕದಲಿಸಬಾರದು.' ಕೆಳಗೆ ಅವರ ಸೊಟ್ಟ ರುಜು. ಕೊನೆಕೊನೆಯ ವರ್ಷಗಳಲ್ಲಿ ಕೈ ನಡುಗಿ ರುಜು ಸಾಲಿನಿಂದ ಆಚೆಗೆ ಹೋಗಿತ್ತು, ಆದರೂ ಒಂದು ಹಾಳೆಯನ್ನೂ ಬಿಟ್ಟಿರಲಿಲ್ಲ. ಆ ಹಾಳೆಗಳನ್ನು ಹಿಡಿದುಕೊಂಡು ನಾನು ಅತ್ತೆ. ಅವರು ತೀರಿಕೊಂಡಾಗ ಕೂಡ ಅಷ್ಟು ಅತ್ತಿರಲಿಲ್ಲ.

ಸಭೆಯ ದಿನ ಅಧ್ಯಕ್ಷರು ಪಟ್ಟಿ ಓದುತ್ತಾ ಬಂದರು. ಶಿರಾದ ಮೂಲೆ ಮಳಿಗೆ ಬಂದಾಗ ಎದ್ದು ನಿಂತೆ. ಕಾಲಂ ಬಿಟ್ಟು ಜೋಡಿಸಿದ್ದು, ನೆನಪಿನ ಮೇಲೆ ತುಂಬಿದ್ದು, ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದು, ಒಂದೂ ಬಿಡದೆ ಹೇಳಿದೆ.

"ಈ ಪಟ್ಟಿ ನಂಬ್ಕಂಡು ನಾವು ಕೋರ್ಟಿಗೆಲ್ಲ ಹೋಗಿದೀವಲ್ರೀ!" ಎಂದು ಅಧ್ಯಕ್ಷರು ಮೇಜು ಗುದ್ದಿದರು. "ಇನ್ನೆಷ್ಟು ಹಿಂಗೆ ಎಡವಟ್ಟಾಗಿದೆಯೋ!"

"ಗೊತ್ತಿಲ್ಲ. ಎಲ್ಲ ಸಾಲುಗಳನ್ನೂ ಈ ಹಾಳೆಗಳ ಜೊತೆ ಇಟ್ಟು ನೋಡ್ಬೇಕು. ನಾನೇ ಕೂತು ನೋಡ್ತೀನಿ," ಎಂದು ಗಂಟನ್ನು ಅವರ ಮುಂದಿಟ್ಟೆ.

ಅವರು ಹಾಳೆ ತಿರುವಿದರು. ಕುಂಕುಮ ಅವರ ಬೆರಳಿಗೆ ಹತ್ತಿತು. ರುಜುವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಹುಡುಗಿಯ ಕಡೆ ಸರಿಸಿದರು. "ಇದರ ಫೋಟೊ ತೆಗ್ದು ಆ ಪುಟಕ್ಕೆ ಹಾಕಮ್ಮ. ನೋಟೀಸು ವಾಪಸ್. ಕಾರಣ ಕೇಳಿದ್ರೆ ಯಜಮಾನ್ರ ಮಾತು ಅಂತ ಬರಿ. ಗುಮಾಸ್ತರ ತಪ್ಪು ಅಂತಾನೂ ಬರಿ."

ಬರೆದಳು. ಅದು ಈಗಲೂ ಅಲ್ಲಿದೆ, ನನ್ನ ಹೆಸರಿನ ಜೊತೆ. ಯಾರಿಂದಲೂ ಅಳಿಸಲು ಆಗುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರತಿ ಪುಟದಲ್ಲೂ ಅವಧಿ ಮುಗಿಯುವ ದಿನಾಂಕ ಎಂದು ಒಂದು ಜಾಗ. ಅದನ್ನು ತುಂಬದೆ ತಂತ್ರಾಂಶ ಮುಂದಕ್ಕೆ ಹೋಗುತ್ತಿರಲಿಲ್ಲ.

"ಇಲ್ಲಿ ಏನು ಹಾಕ್ಲಿ ಸಾರ್?" ಎಂದಳು ಹುಡುಗಿ.

ಆಕೆ ಇರುವ ತನಕ ಎಂಬುದಕ್ಕೆ ಯಾವ ತಾರೀಕು ಹಾಕುತ್ತೀರಿ? ಯಾವ ಬಾಯಲ್ಲಿ ಹೇಳುತ್ತೀರಿ?

"ಏನೂ ಹಾಕಬೇಡ ಕಣಮ್ಮ. ಹಂಗೇ ಬುಡು," ಎಂದೆ.

ಅವಳು ಎರಡು ದಿನ ಏನೇನೋ ಮಾಡಿ ಆ ಜಾಗವನ್ನು ಹಾಗೇ ಬಿಡಲು ಬರುವಂತೆ ಮಾಡಿದಳು. ಆದರೆ ತಂತ್ರಾಂಶ ಸುಮ್ಮನಿರುವ ಜಾತಿಯಲ್ಲ. ಪ್ರತಿ ತಿಂಗಳ ಒಂದನೇ ತಾರೀಕು ನನ್ನ ಫೋನಿಗೆ ಕೆಂಪು ಅಕ್ಷರದಲ್ಲಿ ಒಂದು ಸೂಚನೆ ಬರತೊಡಗಿತು: 'ಶಿರಾ, ಮೂಲೆ ಮಳಿಗೆ. ಮುಗಿಯುವ ದಿನಾಂಕ ನಮೂದಾಗಿಲ್ಲ.'

ನಾನು ನಿವೃತ್ತನಾದೆ. ಕೆಂಪು ಬಟ್ಟೆಯ ಗಂಟು ಅಲ್ಲೇ ಬೀರುವಿನಲ್ಲಿದೆ. ನನ್ನ ಶೀಟನ್ನು ಈಗ ಯಾರೂ ತೆರೆಯುವುದಿಲ್ಲ. ಹೊಸದು ಅದಕ್ಕಿಂತ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ಆ ಹಳದಿ, ಹಸಿರು ಬಣ್ಣಗಳು ಒಮ್ಮೊಮ್ಮೆ ನೆನಪಾಗಿ ಸಂಕಟವಾಗುತ್ತದೆ. ಹೊರಡುವ ದಿನ ಹುಡುಗಿಯನ್ನು ಒಂದೇ ಒಂದು ಕೇಳಿಕೊಂಡೆ, ಆ ಕೆಂಪು ಸೂಚನೆ ನನ್ನ ಫೋನಿಗೇ ಬರುತ್ತಿರಲಿ ಎಂದು. ಯಾಕೆ ಎಂದು ಅವಳು ಕೇಳಲಿಲ್ಲ. ದಿನಾಂಕ ನಮೂದಾಗಿಲ್ಲ ಎಂದರೆ ಅಮ್ಮ ಇದ್ದಾರೆ ಎಂದರ್ಥ. ಒಂದನೇ ತಾರೀಕು ಬೆಳಿಗ್ಗೆ ಅದನ್ನು ಓದಿಯೇ ನಾನು ಕಾಫಿ ಕುಡಿಯುವುದು.

ಹೋದ ತಿಂಗಳು ಒಂದನೇ ತಾರೀಕು ಅದು ಬರಲಿಲ್ಲ.

ಹತ್ತು ಗಂಟೆಯವರೆಗೆ ಕಾದೆ. ಹುಡುಗಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಹೆಂಡತಿ ತಿಂಡಿಗೆ ಕರೆಯುತ್ತಿದ್ದರೂ ಚಪ್ಪಲಿ ಮೆಟ್ಟಿ ಶಿರಾ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಡ ಕಂಡವರೆಲ್ಲ ಬಸ್ಸಿಗೆ ಕೈ ಅಡ್ಡ ಹಾಕಿ ನಿಲ್ಲಿಸುವವರೇ. ಶಿರಾದಲ್ಲಿ ಇಳಿದು, ಈ ವಯಸ್ಸಿನಲ್ಲಿ ಓಡಿದೆ. ಮೂಲೆ ಮಳಿಗೆಯ ರೋಲಿಂಗ್ ಶಟರ್ ಅರ್ಧ ಇಳಿದಿತ್ತು.

ಬಗ್ಗಿ ನೋಡಿದೆ. ಬಿಸಿಲಿಗೆ ಮರೆಯಾಗಲೆಂದು ಶಟರ್ ಇಳಿಸಿ, ಒಳಗೆ ಕೂತು, ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು.

"ಅರೇ ರೈಟ್ರೇ! ಏನು ಹಿಂಗೆ ಓಡ್ಬಂದ್ರಿ? ಮತ್ತೆ ನೋಟೀಸ್ ತಂದ್ರಾ?"

ಹೆಗಲಿಗಿದ್ದ ಬ್ಯಾಗನ್ನು ತೆಗೆದು ಆಕೆಯ ಮುಂದೆ ಇಟ್ಟು, "ಜಿಪ್ಪು," ಎಂದೆ.

ಆಕೆ ಎಳೆದು ನೋಡಿದರು. ಹಿಂದಕ್ಕೆ, ಮುಂದಕ್ಕೆ. "ಚೆನ್ನಾಗೇ ಐತಲ್ಲ ಇದು! ಹುಷಾರಾಗಿದೀರಾ ರೈಟ್ರೇ? ಕೂತ್ಕೊಳ್ಳಿ, ನೀರು ಕುಡೀರಿ."

ನೀರು ಕುಡಿಯುತ್ತಿರುವಾಗ ಹುಡುಗಿಯ ಫೋನು ಬಂತು. "ಸಾರಿ ಸಾರ್, ಮೀಟಿಂಗಲ್ಲಿದ್ದೆ. ನಿವೃತ್ತಿ ಆದ್ಮೇಲೂ ನಿಮಗೆ ಪ್ರತಿ ತಿಂಗಳು ತೊಂದರೆ ಯಾಕೆ ಅಂತ ಆ ಸೂಚನೆ ನಾನೇ ನಿಲ್ಲಿಸಿದೆ."

"ಹಾಕಮ್ಮ," ಎಂದೆ. "ತಾಯಿ, ನಿನ್ ಕಾಲಿಗೆ ಬೀಳ್ತೀನಿ, ಅದನ್ನ ಮತ್ತೆ ಹಾಕು."

ಅಮ್ಮ ನನ್ನ ಕೆಟ್ಟಿರದ ಜಿಪ್ಪಿಗೆ ಮೇಣ ಸವರುತ್ತಿದ್ದರು.